ಗೋಣಿಚೀಲ ನುಂಗದ ದನಿ

ನಾನು ಜಗಳೂರಿನ ಹುಡುಗನೊಬ್ಬನನ್ನು ಚರ್ಚಾಸ್ಪರ್ಧೆಯಲ್ಲಿ ಬರೀ ವಾದದ ಬಲದಿಂದ ಸೋಲಿಸಿದೆ ಎಂಬ ಕಥೆ ಹೊನ್ನಾಳಿಯಲ್ಲಿ ಹುಟ್ಟಿ, ಚನ್ನಗಿರಿ ದಾಟಿ, ಈಗ ಜಗಳೂರಿನ ತನಕ ಹೋಗಿದೆ. ಕಥೆ ನನ್ನ ಪರವಾಗಿಯೇ ಇದೆ. ಆದರೂ ಅದರ ಮೇಲೆ ನನಗೆ ಮೂರು ಆಕ್ಷೇಪಣೆಗಳಿವೆ. ಒಂದು, ಆ ಹುಡುಗನ ವಾದವನ್ನು ನಾನು ಕೇಳಿಸಿಕೊಂಡೇ ಇರಲಿಲ್ಲ. ಎರಡು, ಸಭೆಯಲ್ಲಿ ಕೂತಿದ್ದ ಇನ್ನೂರು ಜನರೂ ಕೇಳಿಸಿಕೊಂಡಿರಲಿಲ್ಲ. ಮೂರನೆಯದನ್ನು ಹೇಳಬೇಕಾದರೆ ಗೋಣಿಚೀಲದ ವಿಷಯ ಬರಬೇಕು, ಆದ್ದರಿಂದ ಅದನ್ನು ಸ್ವಲ್ಪ ಹೊತ್ತು ಕಾಯ್ದಿರಿಸುತ್ತೇನೆ. ನಾನು ಈಗ ಹೊನ್ನಾಳಿ ಕೋರ್ಟಿನಲ್ಲಿ ಜೂನಿಯರ್ ವಕೀಲೆ. ಕಾಯ್ದಿರಿಸುವುದು ಕಸುಬಿನಿಂದ ಬಂದ ಚಾಳಿ.

ಈ ಕಥೆಯನ್ನು ಎಲ್ಲರಿಗಿಂತ ಹೆಚ್ಚು ಉತ್ಸಾಹದಿಂದ ಹೇಳಿಕೊಂಡು ತಿರುಗುವವರು ಯಾರೆಂದರೆ, ಸೋತ ಓಬಳೇಶ್ ಅವರೇ. ಅದೇ ನನಗೆ ತೊಂದರೆಯಾಗಿರುವುದು. ಗೆದ್ದವರು ಕೊಚ್ಚಿಕೊಂಡರೆ ನಂಬದೆ ಇರಬಹುದು. ಸೋತವನೇ ಸಾಕ್ಷಿ ಹೇಳಿದರೆ ಪಾಟೀಸವಾಲು ಮಾಡುವುದು ಹೇಗೆ?

ಇಷ್ಟನ್ನೂ ನೆನಪಿಗೆ ತಂದದ್ದು ನನ್ನ ಮೇಜಿನ ಮೇಲೆ, ಪೆನ್ನುಗಳ ಲೋಟದಲ್ಲಿ ನಿಂತಿರುವ ಒಂದು ಶ್ರುತಿಕವೆ. ಎರಡು ಕಾಲಿನ ಉಕ್ಕಿನ ಕವೆ. ಮೊಣಕಾಲಿಗೆ ಬಡಿದು ಕಿವಿಯ ಹತ್ತಿರ ಹಿಡಿದರೆ ಒಂದೇ ಒಂದು ಸ್ವರವನ್ನು ತೆಳ್ಳಗೆ ಎಳೆಯುತ್ತದೆ. ಬುಡದಲ್ಲಿ ೫೧೨ ಎಂದು ಅಚ್ಚು ಹೊಡೆದಿದೆ. ಅಂದರೆ ಸೆಕೆಂಡಿಗೆ ಅಷ್ಟು ಸಲ ನಡುಗುತ್ತದೆ. ನ್ಯಾಮತಿಯಿಂದ ಬಂದಿದ್ದ ಅವ್ವ ಅದನ್ನು ಎತ್ತಿ ತಿರುಗಿಸಿ ನೋಡಿದಳು.

"ಇದೇನವ್ವ, ಯಾವ ಆನೆ ಕಿವಿ ಗುಗ್ಗೆ ತೆಗಿಯಾಕೆ ಇಟ್ಕಂಡೀಯ?"

"ಇದು ಶಬ್ದ ಅಳೆಯೋದು."

"ನಿನ್ನ ಶಬ್ದ ಅಳಿಯಾಕೆ ಇದು ಯಾಕೆ. ಬಸ್ಟ್ಯಾಂಡಾಗೆ ನಿಂತ್ರೆ ಕೇಳ್ತೈತೆ."

ನನ್ನ ದನಿಯ ಬಗ್ಗೆ ಅವ್ವನಿಗೆ ಮೊದಲಿನಿಂದಲೂ ಒಳ್ಳೆಯ ಅಭಿಪ್ರಾಯ ಇಲ್ಲ. ಕತ್ತಿ ಸಾಣೆ ಹಿಡಿದಂಗೆ ಐತೆ ಎನ್ನುತ್ತಿದ್ದಳು. ನ್ಯಾಮತಿಯ ನಮ್ಮ ಬೀದಿಯಲ್ಲಿ ನಾನು ಓದಲು ಕೂತರೆ ಎದುರು ಮನೆಯವರಿಗೆ ಪಾಠ ಬಾಯಿಪಾಠವಾಗುತ್ತಿತ್ತು. ಎದುರು ಮನೆಯ ಹುಡುಗ ಆ ವರ್ಷ ಪಾಸಾದ, ಅದಕ್ಕೆ ಯಾರೂ ನನಗೆ ಕೃತಜ್ಞತೆ ಹೇಳಲಿಲ್ಲ.

ಶಬ್ದವನ್ನು ಅಳೆಯುವ ಕೆಲಸ ನಮ್ಮ ಮನೆಗೆ ಹೊಸದೇನಲ್ಲ. ಸವಳಂಗದಿಂದ ಬಂದಿದ್ದ ನಮ್ಮಜ್ಜಿ ಸಂತೆಯಲ್ಲಿ ಮಡಕೆ ಕೊಳ್ಳುವಾಗ ಕಣ್ಣಿಗೆ ಕೆಲಸ ಕೊಡುತ್ತಿರಲಿಲ್ಲ. ಎಡಗೈಯ ಮೇಲೆ ಮಡಕೆ ಕೂರಿಸಿಕೊಂಡು ಬಲಗೈ ಬೆರಳ ಗಂಟಿನಿಂದ ಬಡಿದು, ತಲೆ ವಾಲಿಸಿ ಕೇಳುತ್ತಿದ್ದಳು. ಠಣ್ ಎಂದರೆ ಸರಿ. ಥಡ್ ಎಂದರೆ ಎಲ್ಲೋ ಕೂದಲೆಳೆಯಷ್ಟು ಸೀಳಿದೆ. "ಇದು ಸುಳ್ಳು ಹೇಳ್ತೈತೆ, ಬ್ಯಾರೆ ಕೊಡಪ್ಪ" ಎನ್ನುತ್ತಿದ್ದಳು. ಕುಂಬಾರ ಆಣೆ ಮಾಡಿದರೂ ಮಡಕೆಯ ಸಾಕ್ಷ್ಯವೇ ಅವಳಿಗೆ ಮುಖ್ಯ. ಸಿಪ್ಪೆಸಮೇತ ಒಣಗಿಸಿದ ಅಡಿಕೆಯನ್ನೂ ಹಾಗೆಯೇ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದಳು. ಒಳಗಿನ ಕಾಯಿ ಗಲಗಲ ಎಂದರೆ ಒಣಗಿದೆ, ಸುಮ್ಮನಿದ್ದರೆ ಇನ್ನೂ ಬಿಸಿಲು ಬೇಕು. ನಾನು ಏಳೆಂಟು ವರ್ಷದವಳಿದ್ದಾಗ ಹಿತ್ತಲ ಬಾವಿಗೆ ತಲೆ ಬಗ್ಗಿಸಿ ಕೂಗಿ, ನನ್ನ ಮಾತೇ ತಿರುಗಿ ಬರುವುದನ್ನು ಕೇಳಿ, ಬಾವಿ ಯಾಕೆ ಎದುರುವಾದ ಹೂಡುವುದಿಲ್ಲ ಎಂದು ಅಜ್ಜಿಯನ್ನು ಕೇಳಿದ್ದೆ. "ಅದಕ್ಕೆ ಅದರದ್ದು ಅಂತ ಮಾತಿಲ್ಲ ಮಗ. ನಿನ್ನ ಮಾತು ನಿನಗೇ ವಾಪಸ್ ಕೊಡ್ತೈತೆ, ಕಲಸಿ" ಎಂದಿದ್ದಳು. ಆ "ಕಲಸಿ" ಎಂಬುದನ್ನು ಆಗ ನಾನು ಗಮನಿಸಲಿಲ್ಲ.

ನ್ಯಾಮತಿಯ ಕಾಲೇಜಿನಲ್ಲಿ ವಿಜ್ಞಾನ ಇರಲಿಲ್ಲವಾದ್ದರಿಂದ ಪಿಯುಸಿಗೆ ದಿನಾ ಬಸ್ಸು ಹತ್ತಿ ಹೊನ್ನಾಳಿಗೆ ಹೋಗುತ್ತಿದ್ದೆ. ಅಲ್ಲಿ ಭೌತಶಾಸ್ತ್ರ ಹೇಳುತ್ತಿದ್ದವರು ರುದ್ರಪ್ಪ ಸರ್. ಬಸವಾಪಟ್ಟಣದವರು; ಪ್ಯಾಂಟಿನ ಜೇಬಿನಲ್ಲಿ ಸದಾ ಒಂದು ಶ್ರುತಿಕವೆ ಇರುತ್ತಿದ್ದುದರಿಂದ ಬಲಗಡೆಯ ಜೇಬು ಎಡಗಡೆಗಿಂತ ಎರಡು ಬೆರಳು ಕೆಳಗೆ ಜೋತಿರುತ್ತಿತ್ತು. ಶಬ್ದ ಹೇಗೆ ಚಲಿಸುತ್ತದೆ ಎಂಬುದನ್ನು ಅವರು ಸೀಮೆಎಣ್ಣೆ ಕ್ಯೂ ಇಟ್ಟು ವಿವರಿಸಿದರು.

"ಕ್ಯೂನಾಗೆ ಹಿಂದಿನೋನು ತಳ್ಳಿದ್ರೆ ಮುಂದಿನೋನು ಜಾಗ ಬಿಟ್ಟು ಹೋಗಲ್ಲ, ಮುಂದಕ್ಕೆ ವಾಲಿ ಹಿಂದಕ್ಕೆ ಬರ್ತಾನೆ. ತಳ್ಳಾಟ ಮಾತ್ರ ಅಂಗಡಿ ಬಾಗಿಲ ತನಕ ಹೋಗ್ತೈತೆ. ಗಾಳಿ ಹಂಗೇ. ಗಾಳಿ ಇದ್ದಲ್ಲೇ ಇರ್ತೈತೆ, ತಳ್ಳಾಟ ಓಡ್ತೈತೆ. ಅದೇ ಶಬ್ದ."

ನಾನು ಎದ್ದು ನಿಂತೆ. ನಿಲ್ಲುವುದು ನನಗೆ ಆಗಲೇ ಅಭ್ಯಾಸವಾಗಿತ್ತು. "ಸರ್, ತಳ್ಳಾಟ ಅಂಗಡಿ ಮುಟ್ಟಿದ್ರೂ ಸೀಮೆಎಣ್ಣೆ ಸಿಗಲ್ಲವಲ್ಲ."

"ಅದಕ್ಕೇ ಹಿಂದಿನ ಬೆಂಚಿನೋರಿಗೆ ನನ್ನ ಶಬ್ದ ಮುಟ್ಟಿದ್ರೂ ಪಾಠ ಮುಟ್ಟಲ್ಲ. ಕೂತ್ಕೊ."

ಇಂಥ ಗುರುವಿಗೆ ಇಂಥ ಶಿಷ್ಯೆ ಚರ್ಚಾಸ್ಪರ್ಧೆಗೆ ಹೋಗುವುದು ಸಹಜ ಎಂದು ನೀವು ತಿಳಿದರೆ ತಪ್ಪು. ಎಪ್ಪತ್ತರ ದಶಕದ ಆ ಕೊನೆಯ ವರ್ಷಗಳಲ್ಲಿ ನಮ್ಮ ಕಡೆ ಚರ್ಚಾಪಟು ಎಂದರೆ ಕಂಚಿನ ಕಂಠ ಎಂದೇ ಅರ್ಥ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ಊರಿನ ಜೂನಿಯರ್ ಕಾಲೇಜುಗಳು ಸೇರಿ ವರ್ಷಕ್ಕೊಮ್ಮೆ ಒಂದು ಷೀಲ್ಡಿಗೆ ಸ್ಪರ್ಧೆ ನಡೆಸುತ್ತಿದ್ದವು. ಜಗಳೂರು ಚಿತ್ರದುರ್ಗ ಜಿಲ್ಲೆ, ನಾವು ಶಿವಮೊಗ್ಗ ಜಿಲ್ಲೆ; ಜಿಲ್ಲೆ ಬೇರೆಯಾದರೂ ನಂಬಿಕೆ ಒಂದೇ. ಯಾರ ದನಿ ದಪ್ಪವೋ ಅವರ ವಿಚಾರ ಗಟ್ಟಿ. ಆಯ್ಕೆ ಮಾಡುವಾಗ ಮೇಷ್ಟ್ರುಗಳು ಹುಡುಗರಿಂದ ವಿಷಯ ಕೇಳುತ್ತಿರಲಿಲ್ಲ, "ಹೂಂ ಅನ್ನು" ಎನ್ನುತ್ತಿದ್ದರು. ನಮ್ಮ ಕಾಲೇಜಿನ ಕಂಚಿನ ಕಂಠ ಬೆಳಗಿನ ಹೊತ್ತು ತುಂಗಭದ್ರೆಯ ದಂಡೆಯಲ್ಲಿ ನಿಂತು ಹೂಂಕರಿಸಿ ಅಭ್ಯಾಸ ಮಾಡುತ್ತಿತ್ತು. ಸ್ಪರ್ಧೆಗೆ ಎಂಟು ದಿನ ಇರುವಾಗ ಅವನಿಗೆ ಕಾಮಾಲೆ ಬಂತು. ಬೇರೆ ದಪ್ಪ ದನಿ ಸಿಗಲಿಲ್ಲ. ಹೆಸರು ಕೊಡುವ ಕೊನೆಯ ದಿನ ನನ್ನ ಹೆಸರು ಕೊಟ್ಟರು. ನನ್ನ ಚರ್ಚಾಜೀವನದ ಆರಂಭಕ್ಕೆ ಕಾರಣ ಪ್ರತಿಭೆಯಲ್ಲ, ಒಬ್ಬನ ಪಿತ್ತಕೋಶ.

ಆ ವರ್ಷ ಸ್ಪರ್ಧೆ ನಮ್ಮ ಕಾಲೇಜಿನಲ್ಲೇ. ನಮ್ಮ ಸಭಾಂಗಣ ಮೊದಲು ಭತ್ತದ ಗೋದಾಮು. ಭತ್ತ ಮಾತಾಡುವುದಿಲ್ಲವಾದ್ದರಿಂದ ಕಟ್ಟಿದವರು ಶಬ್ದದ ವಿಷಯ ಯೋಚಿಸಿರಲಿಲ್ಲ. ನಾಲ್ಕು ಕಡೆ ನುಣ್ಣನೆಯ ಗಾರೆಗೋಡೆ, ಮೇಲೆ ತಗಡು. ಒಂದು ಚಪ್ಪಾಳೆ ತಟ್ಟಿದರೆ ಅದು ಗೋಡೆಯಿಂದ ಗೋಡೆಗೆ ಬಡಿದಾಡಿ, ನಾಲ್ಕು ಎಣಿಸುವವರೆಗೂ ಸಾಯುತ್ತಿರಲಿಲ್ಲ. ಪ್ರಿನ್ಸಿಪಾಲರು "ಮಾನ್ಯರೇ" ಎಂದರೆ, ಆ "ಮಾನ್ಯರೇ" ಇನ್ನೂ ಸುತ್ತುತ್ತಿರುವಾಗಲೇ "ಮಹಿಳೆಯರೇ" ಬಂದು ಅದಕ್ಕೆ ಡಿಕ್ಕಿ ಹೊಡೆಯುತ್ತಿತ್ತು. ಊರಿನವರಿಗೆ ಮಾತ್ರ ಇದು ಹೆಮ್ಮೆಯ ಸಂಗತಿ. "ನಮ್ಮ ಹಾಲ್‌ನಾಗೆ ಮಾತಾಡಿದ್ರೆ ಗುಡುಗಿದಂಗೆ ಇರ್ತೈತ್ರಿ" ಎನ್ನುತ್ತಿದ್ದರು. ಏನು ಮಾತಾಡಿದರು ಎಂದು ಕೇಳಿದರೆ, ಚೆನ್ನಾಗಿ ಮಾತಾಡಿದರು ಎನ್ನುತ್ತಿದ್ದರು.

ರುದ್ರಪ್ಪ ಸರ್‌ಗೆ ಇದನ್ನು ಸಹಿಸಲಾಗಲಿಲ್ಲ. ಬಾಡಿಗೆ ಮೈಕು ತರಿಸೋಣ ಎಂದವರಿಗೆ, "ಮೈಕು ತಂದ್ರೆ ಒಬ್ಬ ಗದ್ದಲ ಮಾಡೋ ಕಡೆ ಹತ್ತು ಜನರನ್ನ ಕೂರಿಸಿದಂಗೆ" ಎಂದು ಬಾಯಿ ಮುಚ್ಚಿಸಿದರು. ಗೋಡೆಗೆ ಶಬ್ದ ನುಂಗುವಂಥದ್ದು ಏನಾದರೂ ಹೊದಿಸಬೇಕು. ಪರದೆ ಕೊಳ್ಳುವ ಶಕ್ತಿ ಕಾಲೇಜಿಗಿಲ್ಲ. ಅವರು ಮಂಡಿಗೆ ಹೋಗಿ ಖಾಲಿ ಗೋಣಿಚೀಲ ಕೇಳಿ ತಂದರು. ಗೋಣಿಚೀಲದಲ್ಲಿ ತೂತಿದೆಯಲ್ಲ ಸರ್, ಶಬ್ದ ಸೋರಿ ಹೋಗುವುದಿಲ್ಲವೇ ಎಂದು ನಾನು ತಕರಾರು ತೆಗೆದೆ. "ತೂತು ಇರೋದಕ್ಕೇ ಅದು ಒಳಗೆ ಹೋಗ್ತೈತೆ, ನಾರಿನಾಗೆ ತಿಕ್ಕಾಡಿ ಸುಸ್ತಾಗ್ತೈತೆ" ಎಂದರು. ಚೀಲಗಳನ್ನು ದಂಡೆಗೆ ಒಯ್ದು ಬಡಿದು ಕೊಡವಿದೆವು. ತಳದ ನಾಲ್ಕಾರು ಚೀಲಗಳು ಒಣಮೆಣಸಿನಕಾಯಿ ಕಂಡಿದ್ದವು ಎಂಬುದು ಆಗಲೇ ನಮ್ಮ ಮೂಗಿಗೆ ತಿಳಿಯಿತು. ಎಷ್ಟು ಕೊಡವಿದರೂ ಖಾರ ಪೂರ್ತಿ ಹೋಗಲಿಲ್ಲ.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಅವರು ನನಗೆ ಪ್ರಾಕ್ಟಿಕಲ್ ನೋಟ್‌ಬುಕ್ ತರಲು ಹೇಳಿದರು. ಡ್ರಿಲ್ ಮೇಷ್ಟ್ರ ಸ್ಟಾಪ್‌ವಾಚು, ಕಿರಾಣಿ ಅಂಗಡಿಯ ಕಾಗದದ ಚೀಲಗಳು, ರಸ್ತೆ ಕೆಲಸದವರು ಬಿಟ್ಟುಹೋಗಿದ್ದ ಒಂದು ಖಾಲಿ ಡಾಂಬರು ಪೀಪಾಯಿ, ಇಷ್ಟು ಉಪಕರಣ. ಮೊದಲು ಬರಿಗೋಡೆ ಇರುವಾಗ ಕಾಗದದ ಚೀಲ ಊದಿ ಒಡೆದೆವು, ಪೀಪಾಯಿಗೆ ಬಟ್ಟೆ ಸುತ್ತಿದ ಕೊಡತಿಯಿಂದ ಬಾರಿಸಿದೆವು. ಗೋಣಿಚೀಲ ಕಟ್ಟಿದ ಮೇಲೆ ಮತ್ತೆ ಒಡೆದೆವು, ಮತ್ತೆ ಬಾರಿಸಿದೆವು. ಅವರು ಸ್ಟಾಪ್‌ವಾಚು ನೋಡಿ ಹೇಳಿದ್ದನ್ನು ನಾನು ಬರೆದುಕೊಂಡೆ. ನನ್ನ ತಲೆಯ ತುಂಬ ಮರುದಿನದ ಭಾಷಣ. ಬರೆದದ್ದು ಕೈ, ತಲೆಯಲ್ಲ. ಈ ವಾಕ್ಯವನ್ನು ಕೋರ್ಟಿನಲ್ಲಿ ನನ್ನ ಕಕ್ಷಿದಾರ ಹೇಳಿದರೆ ನಾನೇ ನಂಬುವುದಿಲ್ಲ.

ಮರುದಿನದ ವಿಷಯ, "ವಿಜ್ಞಾನದಿಂದ ಮನುಷ್ಯನಿಗೆ ಹಿತವಾಗಿದೆ". ಚೀಟಿ ಎತ್ತಿದಾಗ ನನಗೆ ವಿರೋಧ ಬಂತು. ಜಗಳೂರಿನಿಂದ ಬಂದಿದ್ದ ಓಬಳೇಶನಿಗೆ ಪರ. ಸೊಕ್ಕೆಯವನು, ತೆಳ್ಳಗಿನ ಮೈ, ಅದರೊಳಗಿನಿಂದ ಆ ದನಿ ಹೇಗೆ ಬರುತ್ತದೆ ಎಂದು ನೋಡಿದವರಿಗೆ ಅನುಮಾನ ಬರಬೇಕು. ಅವನು "ನಮಸ್ಕಾರ್ರಿ" ಎಂದಾಗ ನನ್ನ ಕೈಯಲ್ಲಿದ್ದ ಟೀ ಬಸಿ ಸಣ್ಣಗೆ ನಡುಗಿತು. ಬಸಿ ನಡುಗಿದ್ದು ಅವನ ದನಿಗೋ ನನ್ನ ಕೈಗೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.

ಉದ್ಘಾಟನೆಗೆ ಬಂದ ಮುಖ್ಯ ಅತಿಥಿಗಳು ದೀಪ ಹಚ್ಚಿ, ಗೋಣಿಚೀಲದ ಪಕ್ಕದ ಕುರ್ಚಿಯಲ್ಲಿ ಕೂತು, ಮೂರು ಸಲ ಸೀನಿದರು. ಸಭೆ ಅಪಶಕುನ ಎಂದು ಗುಸುಗುಟ್ಟಿತು. ರುದ್ರಪ್ಪ ಸರ್ ಮಾತ್ರ ಜೇಬಿನಿಂದ ಸ್ಟಾಪ್‌ವಾಚು ತೆಗೆದು ಮೂರನೆಯ ಸೀನನ್ನು ಅಳೆದರು. "ಒಂದೂವರೆ ಸೆಕೆಂಡಿಗೆ ಸತ್ತೋಯ್ತು" ಎಂದು ನನ್ನ ಕಿವಿಯಲ್ಲಿ ಹೇಳಿದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮತ್ತೆ ನೋಡಿಲ್ಲ.

ನಮ್ಮ ಸ್ಪರ್ಧೆಯಲ್ಲಿ ಒಂದು ಪದ್ಧತಿ ಇತ್ತು. ಮುಂದಿನ ಸರದಿಯವರು ಒಳಗೆ ಕೂರುವಂತಿಲ್ಲ, ಪಕ್ಕದ ಬಾಗಿಲು ಹಾಕಿಕೊಂಡು ವೆರಾಂಡದಲ್ಲಿ ಕಾಯಬೇಕು. ಹಿಂದಿನವರ ಮಾತು ಕೇಳಿ ನಕಲು ಮಾಡಬಾರದೆಂದು. ಓಬಳೇಶ ಆರನೆಯವನು, ನಾನು ಏಳನೆಯವಳು. ಅವನು ಮಾತಾಡಿದ ಎಂಟು ನಿಮಿಷ ಪೂರ್ತಿ ನಾನು ವೆರಾಂಡದಲ್ಲಿದ್ದೆ. ಬಾಗಿಲ ಈಚೆಗೆ ಕೇಳಿಸಿದ್ದು ನಿಂತಲ್ಲೇ ಎಂಜಿನ್ ಓಡಿಸುತ್ತಿರುವ ಲಾರಿಯ ಶಬ್ದ. ನಡುವೆ "ಮನುಷ್ಯ" ಎಂಬ ಒಂದು ಪದ ಸ್ಪಷ್ಟವಾಗಿತ್ತು. ಅಷ್ಟರಲ್ಲಿ ಬಾಗಿಲು ತೆರೆದು ನನ್ನನ್ನು ಕರೆದರು. ವೇದಿಕೆಯ ಮೂಲೆಯಲ್ಲಿ, ಭಾಷಣಕಾರರಿಗೆ ಒಂದು ಮಾರು ದೂರದಲ್ಲಿ, ರುದ್ರಪ್ಪ ಸರ್ ಗೋಣಿಚೀಲದ ಹಗ್ಗ ಹಿಡಿದು ನಿಂತಿದ್ದರು. ಮೂರನೆಯ ಭಾಷಣದ ಹೊತ್ತಿಗೇ ಒಂದು ಸಾಲಿನ ಗಂಟು ಜಾರಿ, ಆಗಿನಿಂದ ಸ್ಪರ್ಧೆ ಮುಗಿಯುವವರೆಗೂ ಅವರೇ ಕಂಬವಾಗಿದ್ದರು.

ನಾನು ಮಾಡಿದ್ದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ. ಎದುರಾಳಿಯ ವಾದವನ್ನು ಖಂಡಿಸಿದರೆ ಅಂಕ ಹೆಚ್ಚು; ವೆರಾಂಡದ ಪದ್ಧತಿಗೂ ಇದಕ್ಕೂ ಕೂಡುವುದಿಲ್ಲ ಎಂದು ಯಾರಿಗೂ ಹೊಳೆದಿರಲಿಲ್ಲ. ಖಂಡಿಸಲು ಅವನು ಏನು ಹೇಳಿದನೆಂದು ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ. "ನನಗಿಂತ ಮೊದಲು ಮಾತಾಡಿದ ಮಿತ್ರರು ಅಣುಬಾಂಬನ್ನೂ ವಿಜ್ಞಾನದ ಕೊಡುಗೆ ಎಂದು ಸಮರ್ಥಿಸಿದ್ದನ್ನು ಕೇಳಿ ನನಗೆ ಆಶ್ಚರ್ಯವಾಯಿತು" ಎಂದು ಶುರು ಮಾಡಿದೆ. ಯಾರೂ ಆಕ್ಷೇಪಿಸಲಿಲ್ಲ. ತೀರ್ಪುಗಾರರು ಸಭೆಯ ನಡುವೆ ಮೇಜು ಹಾಕಿಕೊಂಡು ಕೂತಿದ್ದರು, ಅವರೂ ತಲೆಯಾಡಿಸಿದರು. ಓಬಳೇಶ ಮೊದಲ ಸಾಲಿನಲ್ಲಿ ಕೂತು ನನ್ನನ್ನೇ ನೋಡುತ್ತಿದ್ದ. ಆ ಅಣುಬಾಂಬನ್ನು ನಾನು ಐದು ನಿಮಿಷ ಖಂಡಿಸಿದೆ. ನನ್ನ ಪ್ರತಿ ಅಕ್ಷರ ಸೂಜಿಯ ಹಾಗೆ ಹಿಂದಿನ ಸಾಲಿನವರೆಗೆ ಹೋಯಿತು. ಷೀಲ್ಡ್ ನಮ್ಮ ಕಾಲೇಜಿಗೆ ಬಂತು.

ಮರುದಿನ ರುದ್ರಪ್ಪ ಸರ್ ಜೇಬಿನಿಂದ ಈ ಕವೆ ತೆಗೆದು ನನ್ನ ಮುಂದೆ ಇಟ್ಟರು. "ಇದನ್ನ ನೀನು ಇಟ್ಕೊ. ನಿನ್ನ ದನಿ ಇದರ ಕಡೇದು" ಎಂದರು. ಹೊಗಳಿಕೆ ಎಂದುಕೊಂಡೆ. ವಿಜ್ಞಾನದಿಂದ ಯಾರಿಗೂ ಹಿತವಾಗಿಲ್ಲ ಎಂದು ಸಾಧಿಸಿದ್ದಕ್ಕೆ ಸಿಕ್ಕಿದ ವಿಜ್ಞಾನದ ಉಪಕರಣವನ್ನು ಮನೆಗೆ ಒಯ್ದೆ.

ಇದಾಗಿ ಒಂಬತ್ತು ವರ್ಷ. ಈಚೆಗೆ ಜಗಳೂರಿನ ಹೈಸ್ಕೂಲೊಂದು ತನ್ನ ಚರ್ಚಾಸ್ಪರ್ಧೆಗೆ ನನ್ನನ್ನು ತೀರ್ಪುಗಾರಳಾಗಿ ಕರೆಯಿತು. ಬಯಲಿನಲ್ಲಿ ಶಾಮಿಯಾನ. ಪ್ರಾರ್ಥನೆ ಮುಗಿಯುವಾಗ ಕರೆಂಟು ಹೋಗಿ ಮೈಕು ಸತ್ತಿತು. ಹಿಂದಿನ ಸಾಲಿನ ಮಕ್ಕಳು ಗದ್ದಲ ಶುರು ಮಾಡಿದರು. ಆಗ ಪಕ್ಕದಿಂದ ಒಬ್ಬ ಮೇಷ್ಟ್ರು ಎದ್ದು, ಮೈಕನ್ನು ಸರಿಸಿ, ಕೂಗದೆಯೇ ಮಾತಾಡಿದರು. ಬಯಲಿನ ಕೊನೆಯಲ್ಲಿದ್ದ ಐಸ್‌ಕ್ಯಾಂಡಿಯವನೂ ತಿರುಗಿ ನೋಡಿದ. ಒಂದೊಂದು ಪದವೂ ಬಿಡಿಬಿಡಿಯಾಗಿ, ತೊಳೆದು ಇಟ್ಟ ಹಾಗೆ ಇತ್ತು.

"ಇವತ್ತಿನ ತೀರ್ಪುಗಾರರನ್ನ ನಿಮಗೆ ಪರಿಚಯ ಮಾಡಿಕೊಡಾಕೆ ನನಗಿಂತ ಯೋಗ್ಯ ಯಾರೂ ಇಲ್ಲ. ಯಾಕಂದ್ರೆ ಇವರ ವಾದಕ್ಕೆ ಸೋತೋನು ನಾನು" ಎಂದರು.

ಓಬಳೇಶ್. ಈಗ ಸೊಕ್ಕೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದಾರೆ, ಆದ್ದರಿಂದ ಇಲ್ಲಿಂದ ಬಹುವಚನ. ನನ್ನನ್ನು ಪರಿಚಯಿಸಲೆಂದೇ ಅವತ್ತು ಅವರನ್ನು ಕರೆಸಿದ್ದರಂತೆ. ಸ್ಪರ್ಧೆ ಮುಗಿದ ಮೇಲೆ ಮಂಡಕ್ಕಿ ಮಿರ್ಚಿ ತಟ್ಟೆ ಹಿಡಿದು ಬೆಂಚಿನ ಮೇಲೆ ಕೂತೆವು.

"ಹೈಸ್ಕೂಲಿನಾಗೆ ಇದ್ದಾಗಿಂದ ವಕೀಲ ಆಗಬೇಕು ಅಂತ ಇತ್ತು ರೀ ನನಗೆ" ಎಂದರು, ಮಿರ್ಚಿ ಮುರಿಯುತ್ತ. "ಅವತ್ತು ತೀರ್ಪುಗಾರರು ನನ್ನ ಹಾಳೆಯಾಗೆ ಬರೆದಿದ್ರು. ದನಿ ಚೆನ್ನಾಗಿದೆ, ವಿಚಾರದಲ್ಲಿ ಸ್ಪಷ್ಟತೆ ಸಾಲದು ಅಂತ. ಮೂರು ಜನನೂ ಒಂದೇ ಮಾತು. ಒಬ್ರು ಅಂದಿದ್ರೆ ಬಿಡಬೋದಿತ್ತು. ಸ್ಪಷ್ಟತೆ ಇಲ್ಲದೋನು ಕರಿಕೋಟು ಹಾಕ್ಕಂಡು ಏನು ಮಾಡ್ಲಿ ಅಂತ ಟೀಚರ್ ಟ್ರೇನಿಂಗಿಗೆ ಹೋದೆ. ಆಮೇಲೆ ಚರ್ಚೆ ಕಡೆ ತಲೆ ಹಾಕಲಿಲ್ಲ."

"ನಿಮ್ಮ ಅಣುಬಾಂಬಿನ ವಾದ..." ಎಂದು ನಾನು ತಡವರಿಸಿದೆ.

"ಹಾಂ, ಅದೊಂದು ತಮಾಷೆ. ನಾನು ಅಣುಬಾಂಬು ಅಂತ ಅಂದಿದ್ದೇ ನೆನಪಿಲ್ಲ. ಥರ್ಮಾಮೀಟರಿಂದ ಶುರು ಮಾಡಿದ್ದೆ. ಮಗೀಗೆ ಜ್ವರ ಬಂದಾಗ ಅವ್ವ ಹಣೆ ಮುಟ್ಟಿ ನೋಡಿದ್ರೆ ಯಾವಾಗಲೂ ಕಮ್ಮಿನೇ ಇರ್ತೈತೆ. ಕೈಗೆ ಆಸೆ ಇರ್ತೈತೆ, ಥರ್ಮಾಮೀಟರಿಗೆ ಇರಲ್ಲ. ಹಿಂಗೇನೋ. ಆದ್ರೆ ನೀವು ಅಷ್ಟು ಚೆನ್ನಾಗಿ ಖಂಡಿಸಿದ್ರಲ್ಲ, ನಾನೇ ಎಲ್ಲೋ ಅಣುಬಾಂಬು ಅಂದಿರಬೇಕು ಅಂದ್ಕಂಡೆ."

"ಆಮೇಲೆ ಮುಂದೇನು ಹೇಳಿದ್ರಿ?"

"ಮರ್ತೀನಿ ರೀ. ಸ್ಪಷ್ಟತೆ ಇಲ್ಲ ಅಂದಮೇಲೆ ನೆನಪಿಟ್ಕಂಡು ಏನು ಮಾಡಾದು. ತಗಳ್ರಿ, ಮಿರ್ಚಿ ಆರ್ತೈತೆ."

ಆ ದಿನ ಹೊನ್ನಾಳಿಗೆ ಮರಳುವ ಬಸ್ಸಿನಲ್ಲಿ ನಾನು ಥರ್ಮಾಮೀಟರಿಗೆ ಒಂದು ಪ್ರತಿವಾದ ಹುಡುಕಿದೆ. ದಾವಣಗೆರೆ ಬಂತು, ಸಿಗಲಿಲ್ಲ. ಹೊನ್ನಾಳಿಯೂ ಬಂತು.

ಮುಂದಿನ ಭಾನುವಾರ ನ್ಯಾಮತಿಗೆ ಹೋಗಿ ಅಟ್ಟದ ಟ್ರಂಕು ಇಳಿಸಿ, ಆ ಪ್ರಾಕ್ಟಿಕಲ್ ನೋಟ್‌ಬುಕ್ ತೆಗೆದೆ. ನನ್ನದೇ ಅಕ್ಷರ, ಆಗಿನ ದುಂಡನೆಯ ಅಕ್ಷರ. ಕಾಗದದ ಚೀಲ: ಬರಿಗೋಡೆ ಇದ್ದಾಗ ನಾಲ್ಕು ಸೆಕೆಂಡು, ಗೋಣಿಚೀಲ ಕಟ್ಟಿದ ಮೇಲೆ ಒಂದೂವರೆ. ಪೀಪಾಯಿ: ಬರಿಗೋಡೆ ಇದ್ದಾಗ ನಾಲ್ಕು ಸೆಕೆಂಡು, ಗೋಣಿಚೀಲ ಕಟ್ಟಿದ ಮೇಲೆ ನಾಲ್ಕಕ್ಕೆ ಸ್ವಲ್ಪ ಕಡಿಮೆ. ಕೆಳಗೆ ರುದ್ರಪ್ಪ ಸರ್ ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದರು.

ಇದೇ ಮೂರನೆಯ ಆಕ್ಷೇಪಣೆ. ತೆಳುವಾದ ಗೋಣಿ ತೆಳುವಾದ ಶಬ್ದವನ್ನು ನುಂಗುತ್ತದೆ, ದಪ್ಪ ಶಬ್ದವನ್ನು ನುಂಗುವುದಿಲ್ಲ. ದಪ್ಪ ಶಬ್ದದ ಅಲೆ ಉದ್ದ. ಬೆರಳು ದಪ್ಪದ ಚೀಲ ಅದಕ್ಕೆ ಲೆಕ್ಕಕ್ಕಿಲ್ಲ, ದಾಟಿಕೊಂಡು ಹೋಗಿ ಗೋಡೆಗೆ ಬಡಿದು ವಾಪಸ್ ಬರುತ್ತದೆ. ಆ ಗೋದಾಮಿನಲ್ಲಿ ನನ್ನ ಸಾಣೆ ದನಿಯ ಬೆನ್ನಿಗೆ ಬಿದ್ದಿದ್ದ ಪ್ರತಿಧ್ವನಿಯನ್ನು ಚೀಲಗಳು ತಿಂದುಹಾಕಿದವು. ನಾನು ಹೇಳಿದ್ದಷ್ಟೇ ಉಳಿಯಿತು. ಓಬಳೇಶ್ ಹೇಳಿದ್ದು ಮಾತ್ರ ಗೋಡೆಯಿಂದ ಗೋಡೆಗೆ ಹೋಗಿ ಒಂದರ ಮೇಲೊಂದು ಬಿದ್ದು, ಅಜ್ಜಿ ಹೇಳಿದ ಹಾಗೆ ಕಲಸಿಹೋಗಿ, ತೀರ್ಪುಗಾರರ ಮೇಜಿಗೆ ಮುಟ್ಟಿತು. ಅವರು ಬರೆದದ್ದು ಗೋಡೆಯ ಬಗ್ಗೆ. ಓಬಳೇಶ್ ಅದನ್ನು ತಮ್ಮ ತಲೆಯ ಬಗ್ಗೆ ಎಂದು ಓದಿಕೊಂಡರು. ಕರಿಕೋಟು ನನ್ನ ಮೈಮೇಲೆ ಇದೆ.

ಇಷ್ಟನ್ನೂ ಇನ್‌ಲ್ಯಾಂಡ್ ಲೆಟರಿನಲ್ಲಿ ಹಿಡಿಸುವಷ್ಟು ಸಣ್ಣಗೆ ಬರೆದು ಸೊಕ್ಕೆಗೆ ಹಾಕಿದೆ. ಅಣುಬಾಂಬು ನನ್ನ ಸ್ವಂತದ್ದು ಎಂದೂ ಬರೆದೆ. ಉತ್ತರ ಕಾರ್ಡಿನಲ್ಲಿ ಬಂತು. "ಇಷ್ಟು ವರ್ಷ ನಿಮ್ಮ ವಾದಕ್ಕೆ ಸೋತೆ ಅಂತ ಹೇಳಿಕೊಂಡು ಓಡಾಡಿದ್ದೇನೆ. ಅದರಲ್ಲಿ ಒಂದು ಮರ್ಯಾದೆ ಇತ್ತು. ಈಗ ಗೋಡೆಗೆ ಸೋತೆ ಅಂತ ಹೇಳುವುದು ಹೇಗೆ? ಅಲ್ಲದೆ, ಗೋಡೆ ಕಲಸಿದ್ದು ನಿಜ ಇರಬಹುದು. ಕಲಸುವ ಮೊದಲು ಅದು ಸರಿಯಾಗಿತ್ತು ಅಂತ ಏನು ಗ್ಯಾರಂಟಿ?"

ಥರ್ಮಾಮೀಟರ್ ಚೆನ್ನಾಗಿದೆ ಎಂದು ಬರೆದೆ. "ನೀವು ಗೆದ್ದವರು, ಏನು ಹೇಳಿದರೂ ನಡೆಯುತ್ತದೆ" ಎಂದು ಮತ್ತೊಂದು ಕಾರ್ಡು. ಈ ಮನುಷ್ಯನಿಗೆ ಸ್ಪಷ್ಟತೆ ಇಲ್ಲ ಎಂದ ಮೂವರನ್ನು ಒಮ್ಮೆ ಕಟಕಟೆಯಲ್ಲಿ ನಿಲ್ಲಿಸಬೇಕೆನಿಸಿತು.

ನನ್ನ ಅನುಮಾನ ಬೇರೆ ಕಡೆ ಹರಿದಿತ್ತು. ಪೀಪಾಯಿಯ ಸಂಖ್ಯೆ ರುದ್ರಪ್ಪ ಸರ್‌ಗೆ ಹಿಂದಿನ ದಿನವೇ ಗೊತ್ತಿತ್ತು. ನಮ್ಮ ಕಾಲೇಜಿನಿಂದ ಸಾಣೆ ದನಿ, ಜಗಳೂರಿನಿಂದ ಕಂಚಿನ ಕಂಠ ಎಂಬುದೂ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿದರೇ, ಅಥವಾ ಸಿಕ್ಕಿದ್ದು ಗೋಣಿಚೀಲ ಮಾತ್ರ ಎಂದು ಕಟ್ಟಿದರೇ? ಅವರು ನಿವೃತ್ತರಾಗಿ ಬಸವಾಪಟ್ಟಣದಲ್ಲಿದ್ದರು. ಕೇಳಿಬಿಡೋಣ ಎಂದು ಓಬಳೇಶ್‌ಗೆ ಬರೆದೆ. ಚನ್ನಗಿರಿ ಬಸ್ಟ್ಯಾಂಡಿನಲ್ಲಿ ಇಬ್ಬರೂ ಸೇರಿ ಹೊರಟೆವು. ದಾರಿಯುದ್ದಕ್ಕೂ ನಾನು ಪ್ರಶ್ನೆಯನ್ನು ಸಾಣೆ ಹಿಡಿದೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

ಬಾಗಿಲು ತೆರೆದವರು ಸರ್ ಅವರ ಹೆಂಡತಿ, ಗಿರಿಜಮ್ಮನವರು. ನನ್ನ ಕಂಠ ಕೇಳಿ ಮೊದಲೇ ಎಚ್ಚರಿಸಿದರು.

"ನಿನ್ನ ದನಿ ಅವರಿಗೆ ಕೇಳಾದಿಲ್ಲಮ್ಮ. ನಂದೂ ಕೇಳಾದಿಲ್ಲ. ಕುಕ್ಕರ್ ಸೀಟಿ ಹೊಡದು ಹೊಡದು ಅನ್ನ ಸೀದ್ರೂ ಪೇಪರ್ ಓದ್ಕಂಡು ಕುಂತಿರ್ತಾರೆ. ಬಸ್ಸು ಊರ ಹೊರಗೆ ಇದ್ದಾಗಲೇ ಬಂತು ಅಂತಾರೆ. ದಪ್ಪ ದನಿ ಮಾತ್ರ ಹೋಗ್ತ ಐತೆ ಒಳಗೆ."

ವಯಸ್ಸಾದಾಗ ಕಿವಿಯಿಂದ ಮೊದಲು ಜಾರುವುದು ತೆಳುವಾದ ಸ್ವರಗಳು. ಇದನ್ನೂ ನಮಗೆ ಪಾಠದಲ್ಲಿ ಹೇಳಿದ್ದವರು ಅವರೇ. ಕವೆಯನ್ನು ಜೊತೆಗೆ ಒಯ್ದಿದ್ದೆ. ಅದನ್ನು ಮೊಣಕಾಲಿಗೆ ಬಡಿದು ಅವರ ಕಿವಿಯ ಹತ್ತಿರ ಹಿಡಿದೆ. ಅವರು ಅದನ್ನು ನೋಡಿ ನಕ್ಕರು, ಕೇಳಿಯಲ್ಲ, ಗುರುತು ಹಿಡಿದು. "ಇನ್ನೂ ಇಟ್ಕಂಡೀಯೇನೇ" ಎಂದು ಕೈಗೆ ತೆಗೆದುಕೊಂಡರು.

ನಾನು ನೋಟ್‌ಬುಕ್ ತೆರೆದು ಪೀಪಾಯಿಯ ಸಾಲಿನ ಮೇಲೆ ಬೆರಳಿಟ್ಟು ಪ್ರಶ್ನೆ ಕೇಳಿದೆ. ಎರಡು ಸಲ ಕೇಳಿದೆ. "ಹೂಂ, ಚೆನ್ನಾಗೈತೆ, ಅಕ್ಷರ ದುಂಡಗೈತೆ" ಎಂದರು. ಬರೆದು ಕೊಡಬಹುದಿತ್ತು. ಬರೆದು ಕೊಟ್ಟರೆ ಅದು ಪಾಟೀಸವಾಲಾಗುವುದಿಲ್ಲ, ಅರ್ಜಿಯಾಗುತ್ತದೆ. ಹತ್ತಿರದ ಆಸ್ಪತ್ರೆಯಲ್ಲಿ ಕಿವಿಗೆ ಹಾಕುವ ಯಂತ್ರ ಸಿಗುತ್ತದೆಂದು ಯಾರೋ ಹೇಳಿದ್ದರಂತೆ. ಅದನ್ನು ಹಾಕಿಕೊಂಡರೆ ಎಲ್ಲ ಶಬ್ದವೂ ಒಂದೇ ಸಮ ಜೋರಾಗುತ್ತದೆ, ಅದು ವಿಜ್ಞಾನವಲ್ಲ ಮೈಕು ಎಂದು ಸರ್ ಬೇಡವೆಂದರಂತೆ. ನಾನು ಸೋತು ಓಬಳೇಶ್ ಕಡೆ ತಿರುಗಿದೆ.

"ನೀವು ಕೇಳ್ರಿ. ನಿಮ್ಮ ದನಿ ಹೋಗ್ತದೆ. ದಪ್ಪ ದನಿ ಕಲಸಿಹೋಗ್ತದೆ ಅಂತ ಗೊತ್ತಿದ್ದೂ ಗೋಣಿಚೀಲ ಯಾಕೆ ಕಟ್ಟಿದ್ರಿ ಅಂತ ಕೇಳ್ರಿ. ಇಷ್ಟೇ."

ಓಬಳೇಶ್ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಕೈ ಮುಗಿದು, ತಾವು ಯಾರೆಂದು ಹೇಳಿದರು. ಸೊಕ್ಕೆ, ಜಗಳೂರು, ಆ ವರ್ಷದ ಆರನೆಯ ಭಾಷಣ. ಸರ್ ಅವರ ಮುಖ ಎದ್ದಿತು. ಪೇಪರನ್ನು ಮಡಚಿ ಪಕ್ಕಕ್ಕಿಟ್ಟರು. ಆ ಮನೆಯಲ್ಲಿ ಅಂದು ಮೊದಲ ಬಾರಿಗೆ ಅವರಿಗೆ ಒಂದು ಮಾತು ಪೂರ್ತಿ ಕೇಳಿಸಿತ್ತು.

ಒಂದು ವಿಷಯ ನಾನು ಯೋಚಿಸಿಯೇ ಇರಲಿಲ್ಲ, ಇಷ್ಟೆಲ್ಲ ವಾದ ಕಲಿತವಳು. ಮಾತಾಡುವವನಿಗೆ ಒಂದು ಮಾರು ದೂರದಲ್ಲಿ ನಿಂತವರಿಗೆ ಗೋಡೆಯ ಶಬ್ದಕ್ಕಿಂತ ಬಾಯಿಯ ಶಬ್ದ ಜೋರಾಗಿ ಮುಟ್ಟುತ್ತದೆ. ಆ ಗೋದಾಮಿನಲ್ಲಿ, ಆ ಎಂಟು ನಿಮಿಷ, ಕಲಸುವ ಮೊದಲಿನ ಮಾತನ್ನು ಕೇಳಿಸಿಕೊಂಡಿದ್ದವರು ಹಗ್ಗ ಹಿಡಿದು ನಿಂತಿದ್ದ ಒಬ್ಬರೇ. ಓಬಳೇಶ್ ಅದನ್ನು ಬಸ್ಸಿನ ಕಿಟಕಿಯ ಹತ್ತಿರ ಕೂತು ಯೋಚಿಸಿದ್ದರು ಎಂದು ಕಾಣುತ್ತದೆ. ನಾನು ಹೇಳಿಕೊಟ್ಟ ಪ್ರಶ್ನೆಯನ್ನು ಅವರು ಕೇಳಲಿಲ್ಲ.

"ಸರ್," ಎಂದರು, "ಅವತ್ತು ನೀವು ನನ್ನ ಪಕ್ಕದಾಗೇ ನಿಂತಿದ್ರಿ. ನಾನು ಹೇಳಿದ್ದರಾಗೆ ಏನಾರ ಹುರುಳಿತ್ತಾ?"